ಹನ್ನೆರಡು ರೂಪಾಯಿ ಅಂತರ: ಡೀಸೆಲ್ ಕಾರಿನ ಲೆಕ್ಕ ಬದಲಾದ ಬಗೆ

ನನ್ನ ಸೋದರಮಾವ 2012ರಲ್ಲಿ ಡೀಸೆಲ್ ಕಾರು ಕೊಂಡರು. ಅದೇ ಕಾರಿನ ಪೆಟ್ರೋಲ್ ಮಾದರಿಗಿಂತ ಒಂದು ಲಕ್ಷ ರೂಪಾಯಿ ಹೆಚ್ಚು. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಓಡಾಡುತ್ತಿದ್ದ ಅವರಿಗೆ ಎರಡು ವರ್ಷ ತುಂಬುವ ಮೊದಲೇ ಆ ಲಕ್ಷ ಕೈಗೆ ಮರಳಿತ್ತು. ಕಳೆದ ವರ್ಷ ಮಗಳು ಕಾರು ಕೊಳ್ಳಲು ಹೊರಟಾಗ ಅವರು ಕೊಟ್ಟಿದ್ದು ಅದೇ ಸಲಹೆ: ‘ಡೀಸೆಲ್ ತೆಗೆದುಕೊ, ಖರ್ಚು ಅರ್ಧಕ್ಕರ್ಧ ಕಡಿಮೆ.’ ಅವರ ಅನುಭವ ಸುಳ್ಳಲ್ಲ. ಆದರೆ ಆ ಅನುಭವಕ್ಕೆ ಆಧಾರವಾಗಿದ್ದ ದರ ಈಗ ಉಳಿದಿಲ್ಲ.

ಡೀಸೆಲ್ ಅಗ್ಗವಾಗಿದ್ದುದು ಕಾರಿನವರಿಗಾಗಿ ಅಲ್ಲ. ಲಾರಿ, ಬಸ್ಸು, ಟ್ರ್ಯಾಕ್ಟರ್, ಪಂಪ್‌ಸೆಟ್ಟುಗಳು ಅದರಿಂದಲೇ ಓಡುತ್ತವೆ. ದರ ಏರಿದರೆ ತರಕಾರಿಯಿಂದ ಬಸ್ ಟಿಕೆಟ್‌ವರೆಗೆ ಎಲ್ಲವೂ ಏರುತ್ತದೆ ಎಂಬ ಭಯ ಸರ್ಕಾರಗಳಿಗಿತ್ತು. ಹಾಗಾಗಿ 2010ರ ಜೂನ್‌ನಲ್ಲಿ ಪೆಟ್ರೋಲ್ ದರವನ್ನು ಮಾರುಕಟ್ಟೆಗೆ ಬಿಟ್ಟ ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಹಿಡಿತವನ್ನು ಬಿಡಲಿಲ್ಲ. 2012ರ ಮೇ ತಿಂಗಳ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73.18 ರೂಪಾಯಿ, ಡೀಸೆಲ್ 40.91 ರೂಪಾಯಿ. ಮೂವತ್ತೆರಡು ರೂಪಾಯಿಯ ಈ ಅಂತರವೇ ಡೀಸೆಲ್ ಕಾರುಗಳ ಸುಗ್ಗಿಗೆ ಕಾರಣವಾಯಿತು.

ರೈತನಿಗೆಂದು ಇಳಿಸಿದ ದರದ ಲಾಭ ಕಾರಿಟ್ಟವರಿಗೂ ಸಿಗುತ್ತಿತ್ತು. ಇದನ್ನು ಆಗಲೇ ಎತ್ತಿ ತೋರಿಸಿದ್ದು ಇಂಧನ ದರ ನೀತಿಯ ಕುರಿತು ಕೇಂದ್ರ ಸರ್ಕಾರ ನೇಮಿಸಿದ್ದ ಕಿರೀಟ್ ಪಾರೀಖ್ ಸಮಿತಿ. 2010ರ ವರದಿಯಲ್ಲಿ ಅದು ಡೀಸೆಲ್ ಕಾರುಗಳಿಗೆ 80,000 ರೂಪಾಯಿ ಹೆಚ್ಚುವರಿ ಅಬಕಾರಿ ಸುಂಕ ಹಾಕಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಬಂದಿದ್ದರೆ ನ್ಯಾಯವಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಬದಲಾವಣೆ ಶುರುವಾದದ್ದು 2013ರ ಜನವರಿಯಲ್ಲಿ, ಡೀಸೆಲ್ ದರವನ್ನು ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸುವ ಲೆಕ್ಕದಲ್ಲಿ. ಜನ ಅದನ್ನು ಅಷ್ಟಾಗಿ ಗಮನಿಸಲೇ ಇಲ್ಲ. ಕಚ್ಚಾತೈಲದ ಬೆಲೆ ಕುಸಿಯುತ್ತಿದ್ದ 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಕೂಡ ನಿಯಂತ್ರಣಮುಕ್ತವಾಯಿತು. ಆಮೇಲೆ ಅಂತರವನ್ನು ಕರಗಿಸಿದ್ದು ತೆರಿಗೆ. 2014ರಲ್ಲಿ ಡೀಸೆಲ್ ಮೇಲೆ ಲೀಟರಿಗೆ 3.56 ರೂಪಾಯಿ ಇದ್ದ ಕೇಂದ್ರದ ಸುಂಕ 2016ರ ಜನವರಿ ಹೊತ್ತಿಗೆ 17.33 ಆಯಿತು, 2020ರ ಮೇ ತಿಂಗಳಲ್ಲಿ 31.83ಕ್ಕೆ ಮುಟ್ಟಿತು. ಪೆಟ್ರೋಲ್ ಮೇಲಿನ ಸುಂಕ ಆಗ 32.98. ಮರುತಿಂಗಳು ದೆಹಲಿಯಲ್ಲಿ ಡೀಸೆಲ್ ಪೆಟ್ರೋಲನ್ನೇ ಮೀರಿಸಿತು. ನಂತರ ಸುಂಕ ಇಳಿದರೂ ಹಳೆಯ ಅಂತರ ಮರಳಲಿಲ್ಲ.

ಕರ್ನಾಟಕದ ಪಾಲೂ ಇದರಲ್ಲಿದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು ಪೆಟ್ರೋಲಿಗೆ ಶೇ 25.92ರಿಂದ 29.84ಕ್ಕೆ, ಡೀಸೆಲಿಗೆ ಶೇ 14.34ರಿಂದ 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮಾತ್ರ ಮತ್ತೆ ಏರಿ ಶೇ 21.17 ಆಯಿತು. ಆಗ ಬೆಂಗಳೂರಿನ ಬಂಕುಗಳಲ್ಲಿ ಪೆಟ್ರೋಲ್ ಸುಮಾರು 103 ರೂಪಾಯಿ, ಡೀಸೆಲ್ 91. ಅಂತರ ಹನ್ನೆರಡೇ ರೂಪಾಯಿ.

ಲೆಕ್ಕ ಹಾಕಿ ನೋಡೋಣ. ನಮ್ಮ ಊರಿನ ವಾಹನದಟ್ಟಣೆಯಲ್ಲಿ ಪೆಟ್ರೋಲ್ ಕಾರು ಲೀಟರಿಗೆ 12 ಕಿಲೋಮೀಟರ್, ಡೀಸೆಲ್ ಕಾರು 16 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಒಂದು ಲೀಟರ್ ಡೀಸೆಲ್‌ನಲ್ಲಿ ಶಕ್ತಿ ಹೆಚ್ಚು, ಎಂಜಿನ್ನು ಒಳಗಿನ ಗಾಳಿಯನ್ನು ಒತ್ತುವ ಪ್ರಮಾಣವೂ ಹೆಚ್ಚು. ಆದ್ದರಿಂದ ಮೈಲೇಜ್ ಹೆಚ್ಚು. 2012ರ ದೆಹಲಿ ದರದಲ್ಲಿ ಪೆಟ್ರೋಲ್ ಕಾರಿಗೆ ಒಂದು ರೂಪಾಯಿ ತಗಲುವ ದೂರವನ್ನು ಡೀಸೆಲ್ ಕಾರು 42 ಪೈಸೆಯಲ್ಲಿ ಮುಗಿಸುತ್ತಿತ್ತು. 2025ರ ಬೆಂಗಳೂರು ದರದಲ್ಲಿ ಅದಕ್ಕೆ 66 ಪೈಸೆ ಬೇಕು. ಕಿಲೋಮೀಟರಿಗೆ ಉಳಿಯುವುದು 2.90 ರೂಪಾಯಿಯಷ್ಟು.

ಕೊಳ್ಳುವಾಗಿನ ವ್ಯತ್ಯಾಸವೋ ಹಿಗ್ಗಿದೆ. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್–6 ನಿಯಮ ಬಂದಾಗ ಡೀಸೆಲ್ ಎಂಜಿನ್ನಿಗೆ ಹೊಗೆ ಶುದ್ಧಗೊಳಿಸುವ ದುಬಾರಿ ಸಾಧನಗಳನ್ನು ಸೇರಿಸಬೇಕಾಯಿತು. ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಆನ್‌ರೋಡ್ ಬೆಲೆಯಲ್ಲಿ ಒಂದೂವರೆ ಲಕ್ಷ ವ್ಯತ್ಯಾಸವಿದ್ದರೆ ಅದು ಹುಟ್ಟಲು ಐವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿಸಬೇಕು. ವಾರವಾರವೂ ಹಾಸನಕ್ಕೆ ಹೋಗಿಬರುವವರಿಗೆ ಮೂರು ವರ್ಷದೊಳಗೆ ಅದು ಸಾಧ್ಯ. ಅಂಥವರಿಗೆ ನಾನು ಇಂದಿಗೂ ಡೀಸೆಲನ್ನೇ ಹೇಳುತ್ತೇನೆ.

ಮಾವನ ಮಗಳ ಕಚೇರಿ ಹೆಬ್ಬಾಳದಲ್ಲಿದೆ, ಮನೆಯಿಂದ ಎಂಟು ಕಿಲೋಮೀಟರ್. ತಂದೆಯ ಮಾತು ಮೀರದೆ ಡೀಸೆಲ್ ಕಾರನ್ನೇ ಕೊಂಡಳು. ನಾಲ್ಕನೇ ತಿಂಗಳಲ್ಲಿ ಮೀಟರ್ ಫಲಕದಲ್ಲಿ ಹಳದಿ ದೀಪ ಹತ್ತಿತು. ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕ ಕಟ್ಟಿಕೊಳ್ಳುತ್ತಿತ್ತು. ಆ ಮಸಿ ಸುಟ್ಟುಹೋಗಬೇಕಾದರೆ ಎಂಜಿನ್ ಚೆನ್ನಾಗಿ ಕಾದು ಕಾರು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ತೆವಳುತ್ತಾ ಸಾಗುವ ಎಂಟು ಕಿಲೋಮೀಟರಿನಲ್ಲಿ ಅದು ಆಗದ ಮಾತು. ಈಗ ಅವಳು ಭಾನುವಾರ ಬೆಳಗ್ಗೆ ಆರಕ್ಕೇ ಎದ್ದು ವಿಮಾನ ನಿಲ್ದಾಣದ ರಸ್ತೆಯಲ್ಲಿ ದೇವನಹಳ್ಳಿಯವರೆಗೆ ಕಾರು ಓಡಿಸಿಕೊಂಡು ಬರುತ್ತಾಳೆ. ಕಚೇರಿಯ ಓಡಾಟವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಅವಳು ಹೆಚ್ಚಾಗಿ ಕೊಟ್ಟ ಹಣ ಹುಟ್ಟಲು ಹನ್ನೆರಡು ವರ್ಷ ಬೇಕು ಎಂದು ಹೋದ ವಾರ ಕಾಗದದ ಮೇಲೆ ಬರೆದು ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಕೂಡಿಸಿ ನೋಡಿದರು.