ವಜಾ ಪತ್ರದ ತಾರೀಖು ಮತ್ತು ಸಂಸದ ಜಾನ್ ಜೋರೆಸ್

ಕಾರ್ಮಿಕರ ಪರ ವಕೀಲಿಕೆ ಮಾಡುವ ನಾನು ವಜಾ ಪ್ರಕರಣ ಬಂದಾಗ ಮೊದಲು ತಾರೀಖು ನೋಡುತ್ತೇನೆ. ಆರೋಪ ಓದುವುದು ಆಮೇಲೆ. ಯೂನಿಯನ್ ಚುನಾವಣೆ ಗೆದ್ದ ಎರಡೇ ತಿಂಗಳಿಗೆ ಗೈರುಹಾಜರಿಯ ಚಾರ್ಜ್‌ಶೀಟ್ ಬಂದಿದ್ದರೆ ಅನುಮಾನ ಬರಬೇಕು ಅಲ್ವಾ? ಇದನ್ನು ಜೂನಿಯರ್‌ಗಳಿಗೆ ವಿವರಿಸುವಾಗ ನಾನು ಫ್ರಾನ್ಸಿನ ಕಾರ್ಮೋ ಎಂಬ ಗಣಿ ಊರಿನ ಪ್ರಕರಣ ಹೇಳುತ್ತೇನೆ, ಅದರ ಜೊತೆಗೆ ಸಮಾಜವಾದಿ ನಾಯಕ ಜಾನ್ ಜೋರೆಸ್ ಅವರ ಕಥೆಯನ್ನೂ.

1892ರ ಮೇ ತಿಂಗಳಲ್ಲಿ ಅಲ್ಲಿನ ಕಲ್ಲಿದ್ದಲು ಗಣಿಯ ಕಾರ್ಮಿಕ, ಯೂನಿಯನ್ ಮುಖಂಡ ಕಾಲ್ವಿನ್ಯಾಕ್ ಊರಿನ ಮೇಯರ್ ಆದರು. ಮೇಯರ್ ಕೆಲಸಕ್ಕೆ ರಜೆ ಕೇಳಿದರು. ಕಂಪನಿ ಕೊಡಲಿಲ್ಲ. ಆಗಸ್ಟ್‌ನಲ್ಲಿ ಅವರನ್ನು ಕೆಲಸದಿಂದಲೇ ತೆಗೆದುಹಾಕಿತು. ಕಾಗದದ ಮೇಲೆ ಕಾರಣ ಗೈರುಹಾಜರಿ. ಆದರೆ ಕಂಪನಿಯ ಅಧ್ಯಕ್ಷರೂ ಸಂಸದರು, ಅವರ ಅಳಿಯ ಸೋಲಾಜ್ ಆ ಕ್ಷೇತ್ರದ್ದೇ ಸಂಸದರು. ತಮ್ಮ ಕೂಲಿಯವನು ಊರಿನ ಮುಖ್ಯಸ್ಥನಾಗುವುದನ್ನು ಅವರು ಸಹಿಸಲಿಲ್ಲ. ಗಣಿಯವರೆಲ್ಲ ಮುಷ್ಕರ ಹೂಡಿದರು. ಸರ್ಕಾರ ಸೈನ್ಯ ಕಳಿಸಿತು.

ಆಗ ಜಾನ್ ಜೋರೆಸ್ ಪಕ್ಕದ ತುಲೂಸ್‌ನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಹುಟ್ಟಿದ್ದು ಕಾರ್ಮೋ ಇರುವ ತಾರ್ನ್ ಜಿಲ್ಲೆಯ ಕಾಸ್ತ್ರ್‌ನಲ್ಲಿ, 1859ರಲ್ಲಿ. 26ನೇ ವಯಸ್ಸಿಗೇ ಸಂಸದರಾಗಿ, 1889ರಲ್ಲಿ ಸೋತಿದ್ದರು. ಆ ಮೊದಲ ಅವಧಿಯಲ್ಲಿ ಅವರು ಸಮಾಜವಾದಿ ಗುಂಪಿನಲ್ಲಿ ಇರಲಿಲ್ಲ, ಸೌಮ್ಯ ರಿಪಬ್ಲಿಕನ್ನರ ಜೊತೆ ಕೂತಿದ್ದರು. ಕಾರ್ಮೋ ಮುಷ್ಕರದ ಬಗ್ಗೆ ಅವರು ಪತ್ರಿಕೆಯಲ್ಲಿ ಬರೆದದ್ದು ನನಗೆ ಬಹಳ ಮುಖ್ಯ. ವಜಾದ ಜಗಳವನ್ನು ಅವರು ಮತದ ಹಕ್ಕಿನ ಪ್ರಶ್ನೆಯಾಗಿ ಎತ್ತಿದರು. ಜನ ಆರಿಸಿದವನನ್ನು ಮಾಲೀಕ ತೆಗೆದುಹಾಕಬಹುದಾದರೆ ಆ ಮತಕ್ಕೆ ಏನು ಬೆಲೆ? ಕಾರ್ಮಿಕ ವಕೀಲರು ಇಂದಿಗೂ ಕೋರ್ಟಿನಲ್ಲಿ ಮಂಡಿಸಬೇಕಾದ ವಾದ ಇದು.

ಕೊನೆಗೆ ಪ್ರಧಾನಿ ಲೂಬೆ ಮಧ್ಯಸ್ಥಿಕೆ ವಹಿಸಿ, ಕಾಲ್ವಿನ್ಯಾಕ್ ಅವರಿಗೆ ಕೆಲಸವೂ ಸಿಗಬೇಕು, ರಜೆಯೂ ಸಿಗಬೇಕು ಎಂದರು. ಸೋಲಾಜ್ ರಾಜೀನಾಮೆ ಕೊಟ್ಟರು. 1893ರ ಜನವರಿಯಲ್ಲಿ ಆ ಜಾಗಕ್ಕೆ ಜೋರೆಸ್ ಗೆದ್ದು ಬಂದರು, ಈ ಸಲ ಸಮಾಜವಾದಿಯಾಗಿ. ಅದೇ ವರ್ಷ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ, ಮತಗಟ್ಟೆಯಲ್ಲಿ ದೊರೆಯಾಗಿರುವ ಕಾರ್ಮಿಕ ಕಾರ್ಖಾನೆಯೊಳಗೆ ಜೀತದವನಂತೆ ಬದುಕುತ್ತಿದ್ದಾನೆ ಎಂಬ ಅರ್ಥದ ಮಾತನ್ನು ಆಡಿದರು. 1895ರಲ್ಲಿ ಅದೇ ಊರಿನ ಗಾಜಿನ ಕಾರ್ಖಾನೆಯಲ್ಲೂ ಯೂನಿಯನ್ ಸಮ್ಮೇಳನಕ್ಕೆ ಹೋದವರೊಬ್ಬರನ್ನು ಗೈರುಹಾಜರಿಯ ನೆಪದಲ್ಲೇ ವಜಾ ಮಾಡಿದರು. ಆ ಹೋರಾಟದಿಂದ ಮರುವರ್ಷ ಆಲ್ಬಿಯಲ್ಲಿ ಕಾರ್ಮಿಕರದ್ದೇ ಗಾಜಿನ ಕಾರ್ಖಾನೆ ಶುರುವಾಯಿತು.

1898ರಲ್ಲಿ ಜೋರೆಸ್ ಸೋತರು, ಅದೂ ಸೋಲಾಜ್ ಎದುರೇ. 1902ರಲ್ಲಿ ಮತ್ತೆ ಗೆದ್ದರು, 1904ರಲ್ಲಿ 'ಲ್ಯುಮಾನಿತೆ' ಪತ್ರಿಕೆ ಶುರು ಮಾಡಿದರು. ಮೊದಲ ಮಹಾಯುದ್ಧ ತಡೆಯಲು ಕೊನೆಯವರೆಗೂ ಓಡಾಡಿದ ಅವರನ್ನು 1914ರ ಜುಲೈ 31ರಂದು ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ಗುಂಡಿಟ್ಟು ಕೊಂದರು. ಕೊಂದವನನ್ನು 1919ರಲ್ಲಿ ಜ್ಯೂರಿ ಬಿಟ್ಟುಬಿಟ್ಟಿತು. ಕೋರ್ಟಿನ ಖರ್ಚು ಜೋರೆಸ್ ಅವರ ಹೆಂಡತಿಯ ತಲೆಗೆ ಬಿತ್ತು. ಈ ತೀರ್ಪು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಜಾಸ್ತಿ ಜನಕ್ಕೆ ಗೊತ್ತಿರುವುದು ಈ ಕೊಲೆಯ ಕಥೆ. ಒಪ್ಪಂದದ ಮೇಜಿನಲ್ಲಿ ಕೂರುವ ಯೂನಿಯನ್ ಗೆಳೆಯರು ಮಾತ್ರ ಫ್ರಾನ್ಸಿನ 1910ರ ಪಿಂಚಣಿ ಕಾಯ್ದೆಯನ್ನು ಗಮನಿಸಬೇಕು. ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ಹಣ ಹಾಕಬೇಕು, 65ಕ್ಕೆ ಪಿಂಚಣಿ. ಅಷ್ಟು ವರ್ಷ ಬದುಕುವ ಕಾರ್ಮಿಕರೇ ಕಡಿಮೆ. ಹಾಗಾಗಿ ದೊಡ್ಡ ಕಾರ್ಮಿಕ ಒಕ್ಕೂಟ ಸಿಜಿಟಿ ಇದನ್ನು 'ಸತ್ತವರ ಪಿಂಚಣಿ' ಎಂದು ಕರೆಯಿತು. ಸಿಟ್ಟು ನ್ಯಾಯವಾದದ್ದೇ. ಆದರೂ ಜೋರೆಸ್ ಕಾಯ್ದೆಯ ಪರ ನಿಂತರು. ಮುದಿತನದಲ್ಲಿ ಸಿಗುವ ಹಣ ದಾನವಲ್ಲ, ಹಕ್ಕು ಎಂದು ಮೊದಲು ಕಾನೂನಿನಲ್ಲಿ ಬರೆಸಿಕೊಳ್ಳೋಣ, ವಯಸ್ಸಿಗೆ ಆಮೇಲೆ ಜಗಳವಾಡೋಣ ಎನ್ನುವುದು ಅವರ ನಿಲುವು. ಎರಡೇ ವರ್ಷದಲ್ಲಿ, 1912ರಲ್ಲಿ, ವಯಸ್ಸು 60ಕ್ಕೆ ಇಳಿಯಿತು.