'ಬೇಡ' ಮತ್ತು 'ಈಗ ಬೇಡ'

ಆ್ಯಪ್‌ಗಳ ಸ್ಕ್ರೀನ್ ಡಿಸೈನ್ ಮಾಡುವುದು ನನ್ನ ಕೆಲಸ. ಬಟನ್ ಎಲ್ಲಿರಬೇಕು, ಯಾವ ಬಣ್ಣ, ಮೇಲೆ ಏನು ಬರೆಯಬೇಕು, ದಿನವಿಡೀ ಇದೇ ತಲೆನೋವು.

ಒಮ್ಮೆ ಲೊಕೇಶನ್ ಅನುಮತಿ ಕೇಳುವ ಸ್ಕ್ರೀನ್ ಮಾಡಿಕೊಟ್ಟಿದ್ದೆ. 'ಸರಿ', 'ಬೇಡ' ಎಂದು ಎರಡು ಬಟನ್, ಎರಡೂ ಒಂದೇ ಅಳತೆ. ಮಾಡಿಸಿದ ಕಂಪನಿಯವರು ನೋಡಿ, "ಎಲ್ಲ ಚೆನ್ನಾಗಿದೆ, 'ಬೇಡ' ಇರುವ ಕಡೆ 'ಈಗ ಬೇಡ' ಅಂತ ಹಾಕಿಬಿಡಿ" ಎಂದರು. ಹಾಕಿದೆ. ಎರಡಕ್ಷರ ತಾನೇ, ಅಲ್ವಾ?

'ಬೇಡ' ಅಂದರೆ ಮಾತು ಮುಗಿಯಿತು. 'ಈಗ ಬೇಡ' ಅಂದರೆ ನಾಳೆ ಮತ್ತೆ ಕೇಳಬಹುದು, ನಾಳಿದ್ದೂ ಕೇಳಬಹುದು. ಹತ್ತನೇ ಸಲ, ಯಾವುದೋ ಅವಸರದಲ್ಲಿ, ಬೆರಳು 'ಸರಿ' ಒತ್ತಿಬಿಡುತ್ತದೆ. ಅಲ್ಲಿಗೆ ಕೇಳುವುದು ನಿಲ್ಲುತ್ತದೆ. (ಕೆಲವು ಫೋನ್‌ಗಳು ತಾವಾಗಿ ನೆನಪಿಸುತ್ತವೆ, ಆ ಮಾತು ಬೇರೆ.) 'ಸರಿ' ಎಂದವರನ್ನು 'ಈಗಲೂ ಸರಿನಾ?' ಎಂದು ವಿಚಾರಿಸುವ ಸ್ಕ್ರೀನ್ ಮಾಡಿಕೊಡಿ ಎಂದು ಇವತ್ತಿನವರೆಗೆ ನನ್ನನ್ನು ಯಾರೂ ಕೇಳಿಲ್ಲ.

ಇಂಥ ಕೈಚಳಕಕ್ಕೆ ನಮ್ಮವರು 'ಡಾರ್ಕ್ ಪ್ಯಾಟರ್ನ್' ಅನ್ನುತ್ತಾರೆ. 2010ರಲ್ಲಿ ಈ ಹೆಸರಿಟ್ಟವರು ಬ್ರಿಟನ್ನಿನ ಡಿಸೈನರ್ ಹ್ಯಾರಿ ಬ್ರಿಗ್ನಲ್. ಇದಕ್ಕೆ ದಂಡ ಬಿದ್ದಿದ್ದೂ ಇದೆ. 2022ರ ಜನವರಿಯಲ್ಲಿ ಜನರ ಖಾಸಗಿ ಮಾಹಿತಿ ಕಾಯುವ ಫ್ರಾನ್ಸಿನ ಸರ್ಕಾರಿ ಸಂಸ್ಥೆ ಸಿಎನ್‌ಐಎಲ್ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿತು. ಕುಕಿಗಳನ್ನು (ನಮ್ಮ ಗುರುತು ಹಿಡಿಯಲು ವೆಬ್‌ಸೈಟ್‌ಗಳು ನಮ್ಮ ಫೋನ್, ಕಂಪ್ಯೂಟರ್‌ನಲ್ಲಿ ಇಡುವ ಪುಟ್ಟ ಫೈಲ್‌ಗಳು) ಒಪ್ಪಲು ಒಂದು ಕ್ಲಿಕ್ ಸಾಕು, ಬೇಡ ಅನ್ನಲು ಹಲವು ಕ್ಲಿಕ್ ಬೇಕು. ತಪ್ಪು ಇಷ್ಟೇ.

"ಮುಚ್ಚಿಡೋಕೆ ನನ್ನ ಹತ್ತಿರ ಏನಿದೆ?" ಎಂದು ಕೇಳುವವರು ಜಾಸ್ತಿ. ರಾತ್ರಿ ಫೋನ್ ಇರುವ ಜಾಗ ಮನೆ, ಹಗಲು ಇರುವ ಜಾಗ ಕೆಲಸ. ಹೆಸರು ತೆಗೆದುಹಾಕಿದರೂ ಅಷ್ಟರಲ್ಲೇ ಆಸಾಮಿ ಯಾರೆಂದು ಗೊತ್ತಾಗಬಹುದು. 15 ಲಕ್ಷ ಜನರ ಮೊಬೈಲ್ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ನಾಲ್ಕು ಗುರುತು ಸಿಕ್ಕರೆ, ನೂರರಲ್ಲಿ 95 ಜನರನ್ನು ಗುಂಪಿನಿಂದ ಬೇರ್ಪಡಿಸಬಹುದು ಎಂದು ಅದರಲ್ಲಿ ಕಂಡುಬಂತು.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಮನೋವೈದ್ಯರ ಹತ್ತಿರ ಹೋಗುವಾಗ ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಅವರಿಗೂ ಮುಚ್ಚಿಡುವಂಥ ತಪ್ಪೇನೂ ಇಲ್ಲ. ಅವರನ್ನು ಯಾರೂ ತಡೆದಿಲ್ಲ, ಬೆದರಿಸಿಲ್ಲ. ಆದರೂ ಹೊರಡುವ ಮುಂಚೆ ಒಂದು ಕ್ಷಣ ಯೋಚಿಸುತ್ತಾರೆ. ಸ್ವಾತಂತ್ರ್ಯ ಸವೆಯುವುದು ಇಂಥ ಕಡೆ ಎಂದು ನನಗನ್ನಿಸುತ್ತದೆ. ಕಾನೂನಿನ ಪುಸ್ತಕದಲ್ಲಿ ಅದು ಹಾಗೇ ಇರುತ್ತದೆ, ನಡೆದಾಡುವ ರೀತಿ ಮಾತ್ರ ಬದಲಾಗಿರುತ್ತದೆ.

ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ವಾಪಸ್ ತೆಗೆದುಕೊಳ್ಳುವಂತಿರಬೇಕು ಎನ್ನುತ್ತದೆ ಯುರೋಪಿನಲ್ಲಿ 2018ರ ಮೇ ತಿಂಗಳಲ್ಲಿ ಜಾರಿಯಾದ, ಜನರ ಖಾಸಗಿ ಮಾಹಿತಿ ಕಾಯುವ ಜಿಡಿಪಿಆರ್ ಕಾನೂನು. ಮೊನ್ನೆ ಸುಮ್ನೆ ಕೂತು ಆ ಹಳೆಯ ಆ್ಯಪ್ ತೆರೆದೆ. ಅನುಮತಿ ಕೊಡಲು ಒಂದು ಸಲ ಒತ್ತಿದರಾಯಿತು. ವಾಪಸ್ ಪಡೆಯಲು ಮೆನು, ಸೆಟ್ಟಿಂಗ್ಸ್, ಖಾತೆ, ಖಾಸಗಿತನ, ಲೊಕೇಶನ್, ಕೊನೆಗೆ 'ನಿಜವಾಗಿಯೂ ಬೇಡವೇ?' ಎಂಬ ಪ್ರಶ್ನೆ. ಆರು ಸಲ ಒತ್ತಬೇಕು. ಆ ಆರನೆಯದನ್ನು ಬರೆದವನೂ ನಾನೇ.