ಮದುವೆ ಬೇರೆ ಬೇರೆ, ಅಡುಗೆ ಭಟ್ರು ಒಬ್ರೇ: ಯೂಬಿಸಾಫ್ಟ್ ಗೇಮ್‌ಗಳೆಲ್ಲ ಒಂದೇ ಥರ ಆಗಿದ್ದು ಹೇಗೆ

2026ರ ಜನವರಿಯಲ್ಲಿ ಫ್ರಾನ್ಸಿನ ವಿಡಿಯೋ ಗೇಮ್ ಕಂಪನಿ ಯೂಬಿಸಾಫ್ಟ್ ಒಂದು ದೊಡ್ಡ ಅನೌನ್ಸ್‌ಮೆಂಟ್ ಮಾಡ್ತು. ಸ್ಟುಡಿಯೋಗಳನ್ನೆಲ್ಲ ಐದು 'ಕ್ರಿಯೇಟಿವ್ ಹೌಸ್' ಅಂತ ಹಂಚ್ತೀವಿ, ಒಂದೊಂದು ಮನೆಗೂ ಅದರದ್ದೇ ಥರದ ಗೇಮು, ಅದರದ್ದೇ ಲೆಕ್ಕ, ಅದರದ್ದೇ ತೀರ್ಮಾನ, ಜೊತೆಗೆ ಆರು ಗೇಮ್ ಕ್ಯಾನ್ಸಲ್, ಏಳು ಗೇಮ್ ಮುಂದಕ್ಕೆ. ಸುದ್ದಿ ಓದಿದ ಫ್ರೆಂಡ್ ಒಬ್ಬ ಕೇಳ್ದ, 'ಇದನ್ನ ಇವ್ರು 2020ರಲ್ಲೇ ಮಾಡಿರ್ಲಿಲ್ವಾ ಮಾರಾಯ?'

ಮಾಡಿದ್ರು. ಅದಕ್ಕೂ ಮುಂಚೆ 2016ರಲ್ಲೂ ಒಂದು ರೌಂಡ್ ಆಗಿತ್ತು. ಗೇಮ್‌ಗಳೆಲ್ಲ ಒಂದೇ ಥರ ಇವೆ ಅನ್ನೋ ದೂರು, ಇನ್ಮೇಲೆ ಹಾಗಾಗಲ್ಲ ಅನ್ನೋ ಮಾತು, ಎರಡೂ ಸೇರಿ ಈಗ ಹತ್ತು ವರ್ಷದ ಮೇಲಾಯ್ತು, ಯಾವುದು ಯಾವುದರ ಹಿಂದೆ ಬಂತು ಅಂತ ಈಗ ಯಾರಿಗೂ ಸರಿಯಾಗಿ ನೆನಪಿಲ್ಲ. ಅದಕ್ಕೇ ಶುರುವಿಂದ ಒಂದ್ಸಲ ಹೇಳ್ಬಿಡ್ತೀನಿ.

ಬ್ರಿಟನಿ ಕಡೆ ರೈತರಿಗೆ ಬೇಕಾದ ಸಾಮಾನು ಮಾರ್ತಿದ್ದ ಒಂದು ಮನೆತನ, ಗಿಯ್ಮೋ ಅಂತ, ಅದರ ಐದು ಜನ ಅಣ್ಣತಮ್ಮಂದಿರು 1986ರಲ್ಲಿ ಕಂಪನಿ ಶುರು ಮಾಡಿದ್ರು, 1995ರಲ್ಲಿ ರೇಮನ್ ಬಂತು, 1997ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಟುಡಿಯೋ ಹಾಕಿದ್ರು, ಅಲ್ಲಿಂದ 2002ರಲ್ಲಿ ಸ್ಪ್ಲಿಂಟರ್ ಸೆಲ್, 2003ರಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಸ್ಯಾಂಡ್ಸ್ ಆಫ್ ಟೈಮ್. ಈ ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ತೋಳು ಕಾಲು ಇಲ್ಲದೆ ಕೈ ಪಾದ ಮಾತ್ರ ಗಾಳಿಯಲ್ಲಿ ತೇಲೋ ಕಾರ್ಟೂನ್ ಹುಡುಗ, ಇನ್ನೊಂದರಲ್ಲಿ ಕತ್ತಲಲ್ಲಿ ಮೂರು ಹಸಿರು ಲೈಟ್ ಹಾಕ್ಕೊಂಡು ಗೋಡೆಗೆ ಅಂಟ್ಕೊಂಡು ಹೋಗೋ ಗೂಢಚಾರಿ, ಮತ್ತೊಂದರಲ್ಲಿ ಬಿದ್ದು ಸತ್ರೆ ಕಠಾರಿಯಿಂದ ಕಾಲವನ್ನೇ ಹಿಂದಕ್ಕೆ ತಿರುಗಿಸೋ ರಾಜಕುಮಾರ. ಒಂದೇ ಕಂಪನಿಯವು ಅಂತ ಹೇಳದಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಪ್ರಿನ್ಸ್ ಆಫ್ ಪರ್ಷಿಯಾ ಅಂತೂ ನಮ್ಮ ಕಡೆ ಕಂಪ್ಯೂಟರ್ ಇದ್ದ ಮನೆಯಲ್ಲೆಲ್ಲ ಒಂದು ಕಾಪಿ ಇರ್ತಿತ್ತು, ಕಾಸು ಕೊಟ್ಟು ತಂದಿದ್ದಾ ಅಂತ ಮಾತ್ರ ಕೇಳ್ಬೇಡಿ.

ಆ ರಾಜಕುಮಾರನ ಮುಂದಿನ ಗೇಮ್ ಮಾಡೋಕೆ ಕೂತಾಗಲೇ ಕಥೆ ತಿರುಗಿದ್ದು. ರಾಜಕುಮಾರನನ್ನ ಕಾಪಾಡೋ ಒಬ್ಬ ಹಂತಕನೇ ಹೀರೋ ಆದ್ರೆ ಹೇಗೆ ಅನ್ನೋ ಐಡಿಯಾ ಬಂತು, ಪ್ರಿನ್ಸ್ ಹೆಸರಿನ ಗೇಮಲ್ಲಿ ಪ್ರಿನ್ಸ್ ಹೀರೋ ಅಲ್ಲ ಅಂದ್ರೆ ಮೇಲಿನವರಿಗೆ ಸರಿಬರ್ಲಿಲ್ಲ, ಕೊನೆಗೆ ಅದು ಬೇರೆಯದೇ ಗೇಮ್ ಆಗಿ 2007ರಲ್ಲಿ ಅಸ್ಸಾಸಿನ್ಸ್ ಕ್ರೀಡ್ ಅಂತ ಹೊರಗೆ ಬಂತು. ಅದರಲ್ಲಿ ಒಂದು ಗೋಪುರ ಇತ್ತು. ಒಂದಲ್ಲ, ಡಮಾಸ್ಕಸ್, ಜೆರುಸಲೇಮ್, ಏಕರ್ ಮೂರೂ ಊರಲ್ಲಿ ತುಂಬ ಇದ್ವು. ಕಲ್ಲು ಹಿಡ್ಕೊಂಡು ತುದಿಗೆ ಹತ್ತಬೇಕು, ಹೊರಚಾಚಿದ ಮರದ ದಿಮ್ಮಿ ಮೇಲೆ ಕೂತು ಬಟನ್ ಒತ್ತಿದ್ರೆ ಕ್ಯಾಮೆರಾ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತೆ, ಹದ್ದು ಕೂಗುತ್ತೆ, ಮ್ಯಾಪಲ್ಲಿ ಮಬ್ಬಾಗಿದ್ದ ಜಾಗ ತೆರ್ಕೊಂಡು ಐಕಾನ್‌ಗಳು ಪಟಪಟ ಅಂತ ಮೂಡ್ತವೆ, ಆಮೇಲೆ ಕೈ ಅಗಲಿಸಿ ಕೆಳಗಿರೋ ಹುಲ್ಲಿನ ಗಾಡಿಗೆ ಧುಮುಕೋದು. ಮೊದಲ ಸಲ ಅದನ್ನ ಮಾಡಿದಾಗ ಹೊಟ್ಟೆಯೊಳಗೆ ಜೀವ ಜುಮ್ಮಂದಿತ್ತು, ಅದನ್ನ ಈಗ್ಲೂ ಒಪ್ಕೊತೀನಿ. ಎಷ್ಟೋ ದೊಡ್ಡ ಊರನ್ನ ಆಡೋನಿಗೆ ಸ್ವಲ್ಪ ಸ್ವಲ್ಪವೇ ಬಡಿಸೋಕೆ ಅದಕ್ಕಿಂತ ಚೆಂದದ ಉಪಾಯ ಆಗ ಇರ್ಲಿಲ್ಲ.

ತೊಂದರೆ ಏನಂದ್ರೆ ಉಪಾಯ ವರ್ಕ್ ಆಯ್ತು. 2009ರಿಂದ ವರ್ಷಕ್ಕೊಂದು ಅಸ್ಸಾಸಿನ್ಸ್ ಕ್ರೀಡ್. 2012ರಲ್ಲಿ ಫಾರ್ ಕ್ರೈ 3 ಬಂತು, ಅದು ಬಂದೂಕಿನ ಗೇಮು, ದ್ವೀಪ, ಕಾಡು, ಹುಲಿ, ಅಲ್ಲೂ ಗೋಪುರ, ಈ ಸಲ ತುಕ್ಕು ಹಿಡಿದ ರೇಡಿಯೋ ಟವರ್. ಕಿರ್ರ್ ಅನ್ನೋ ಮೆಟ್ಟಿಲು ಹತ್ತಿ ಮೇಲಿರೋ ಡಬ್ಬಿಯ ವೈರ್ ಎಳೆದ್ರೆ ಮ್ಯಾಪ್ ಓಪನ್, ಅಂಗಡಿಯಲ್ಲಿ ಒಂದು ಗನ್ನು ಫ್ರೀ, ತಂತಿ ಹಿಡ್ಕೊಂಡು ಜರ್ ಅಂತ ಕೆಳಗೆ. ನಿಜ ಹೇಳ್ಬೇಕಂದ್ರೆ ಅಲ್ಲೂ ಮಜಾ ಇತ್ತು.

ಜನಕ್ಕೆ ಅಜೀರ್ಣ ಆಗಿದ್ದು 2014ರಲ್ಲಿ. ಮೇನಲ್ಲಿ ವಾಚ್ ಡಾಗ್ಸ್, ಶಿಕಾಗೋ ಊರು, ಫೋನ್ ಹಿಡ್ಕೊಂಡು ಸಿಗ್ನಲ್ ಲೈಟನ್ನೇ ಹ್ಯಾಕ್ ಮಾಡೋ ಹೀರೋ, ಅವನಿಗೂ ಟವರ್. ನವೆಂಬರ್ 11ಕ್ಕೆ ಒಂದೇ ದಿನ ಎರಡು ಅಸ್ಸಾಸಿನ್ಸ್ ಕ್ರೀಡ್, ಯೂನಿಟಿ ಮತ್ತೆ ರೋಗ್. ಒಂದು ವಾರ ಬಿಟ್ಟು ಫಾರ್ ಕ್ರೈ 4, ಹಿಮಾಲಯದ ಥರದ ಕಲ್ಪನೆಯ ದೇಶ, ಅಲ್ಲಿ ಗಂಟೆ ಗೋಪುರದಿಂದ ಸರ್ವಾಧಿಕಾರಿಯ ಭಾಷಣ ಕೇಳಿಸ್ತಿರುತ್ತೆ, ಹತ್ತಿ ಆಫ್ ಮಾಡ್ಬೇಕು. ಪುಣ್ಯಕ್ಕೆ ಚಿಕ್ಕದೊಂದು ಹೆಲಿಕಾಪ್ಟರ್ ಥರದ ಗಾಡಿ ಕೊಟ್ಟಿದ್ರು, ಸೀದಾ ಗೋಪುರದ ತಲೆ ಮೇಲೇ ಇಳಿಸಬಹುದಿತ್ತು, ಮಾಡಿದವರಿಗೇ ಹತ್ತಿ ಹತ್ತಿ ಸಾಕಾಗಿತ್ತೇನೋ. ಡಿಸೆಂಬರ್ 2ಕ್ಕೆ ದಿ ಕ್ರೂ. ಅದು ಕಾರ್ ರೇಸಿಂಗ್ ರೀ! ಕಾರಿನ ಗೇಮಲ್ಲೂ ಡೇಟಾ ಸ್ಟೇಷನ್ ಹುಡ್ಕೊಂಡು ಹೋಗಿ ಮ್ಯಾಪ್ ಬಿಡಿಸ್ಕೋಬೇಕಿತ್ತು. ಮೂರೇ ವಾರದಲ್ಲಿ ನಾಲ್ಕು ಗೇಮು, ಫ್ರೆಂಚ್ ಕ್ರಾಂತಿ, ಕಡಲು, ಹಿಮಾಲಯ, ಅಮೆರಿಕದ ಹೈವೇ, ಎಲ್ಲದರಲ್ಲೂ ಮಾಡೋ ಕೆಲಸ ಅದೇ. 'ಯೂಬಿಸಾಫ್ಟ್ ಟವರ್' ಅನ್ನೋದು ಬೈಗುಳ ಆಗಿ ಗಟ್ಟಿಯಾಗಿದ್ದು ಈ ಟೈಮಲ್ಲೇ.

ಯೂನಿಟಿಯ ಮ್ಯಾಪನ್ನ ನಾನು ಮರೆಯೋಕೆ ಆಗಲ್ಲ. ಪ್ಯಾರಿಸ್ ಊರನ್ನ ಕಣ್ಣು ತುಂಬೋ ಹಾಗೆ ಕಟ್ಟಿದ್ರು, ಆದ್ರೆ ಮ್ಯಾಪ್ ಓಪನ್ ಮಾಡಿದ್ರೆ ಊರೇ ಕಾಣಲ್ಲ, ಬರೀ ಪೆಟ್ಟಿಗೆ ಗುರುತುಗಳು, ಹಳದಿ ನೀಲಿ ಕೆಂಪು, ಎಳ್ಳು ಚೆಲ್ಲಿದ ಹಾಗೆ. ಅದರಲ್ಲಿ ಕೆಲವನ್ನ ತೆರೆಯೋಕೆ ಫೋನಲ್ಲಿ ಬೇರೆ ಒಂದು ಆ್ಯಪ್ ಹಾಕ್ಕೋಬೇಕಿತ್ತು. ದುಡ್ಡು ಕೊಟ್ಟ ಗೇಮಿನ ಪೆಟ್ಟಿಗೆ ತೆರೆಯೋಕೆ ಆ್ಯಪ್! ಮುಖದ ಚರ್ಮ ಮಾಯವಾಗಿ ಕಣ್ಣುಗುಡ್ಡೆ ಹಲ್ಲು ಮಾತ್ರ ತೇಲೋ ಬಗ್‌ನ ಫೋಟೋ ಎಲ್ಲ ಕಡೆ ಓಡಾಡ್ತು, ಕೊನೆಗೆ ಸೀಸನ್ ಪಾಸ್, ಅಂದ್ರೆ ಮುಂದೆ ಬರೋ ಎಕ್ಸ್‌ಟ್ರಾ ಭಾಗಗಳಿಗೆ ಮೊದಲೇ ದುಡ್ಡು ಕಟ್ಟೋ ಪಾಸ್, ತಗೊಂಡವರಿಗೆ ಸಮಾಧಾನಕ್ಕೆ ಅಂತ ಬೇರೆ ಗೇಮ್ ಫ್ರೀ ಕೊಟ್ರು.

ಇದನ್ನ ಸೋಮಾರಿತನ ಅಂತ ಬೈಯೋದು ಸುಲಭ, ನಾನೂ ಬೈದಿದ್ದೆ, ಆದ್ರೆ ಲೆಕ್ಕ ಅಷ್ಟು ಸಲೀಸಾಗಿಲ್ಲ. ಯೂನಿಟಿಗೆ ಕೆಲಸ ಮಾಡಿದ್ದು ಒಂದಲ್ಲ, ಹತ್ತು ಸ್ಟುಡಿಯೋ. ಒಂದೇ ಮನೆಯಲ್ಲಿ ಅಡುಗೆ ಮಾಡೋರು ರುಚಿ ನೋಡ್ಕೊಂಡು ಉಪ್ಪು ಹಾಕಬಹುದು, ಹತ್ತು ಊರಲ್ಲಿ ಹತ್ತು ಪಾತ್ರೆ ಇಟ್ಟು ಒಂದೇ ಸಾರು ಮಾಡ್ಬೇಕು ಅಂದ್ರೆ ಅಳತೆ ಬರೆದಿಡಲೇಬೇಕು. ಗೋಪುರ, ಶತ್ರು ಶಿಬಿರ, ಪೆಟ್ಟಿಗೆ, ಬೇಟೆ, ಇವೆಲ್ಲ ಬಿಡಿ ಬಿಡಿಯಾಗಿ ಹಂಚೋಕೆ ಅನುಕೂಲ ಇರೋ ಕೆಲಸ, ಇದು ನಿನ್ನ ಪಾಲು ಇದು ನನ್ನ ಪಾಲು ಅನ್ನಬಹುದು. ಇದರ ಮೇಲೆ ಪ್ಯಾರಿಸ್‌ನಲ್ಲಿ 'ಎಡಿಟೋರಿಯಲ್' ಅಂತ ಒಂದು ತಂಡ, ಸುಮಾರು ನೂರು ಜನ, ಯಾವ ದೇಶದ ಯಾವ ಸ್ಟುಡಿಯೋ ಗೇಮ್ ಮಾಡಿದ್ರೂ ಇವರ ಮುಂದೆ ಬಂದೇ ಹೋಗಬೇಕು. ಅದರ ತಲೆಯಲ್ಲಿದ್ದವರ ನಾಲಿಗೆಗೆ ಯಾವುದು ಇಷ್ಟ ಅನ್ನೋದು ಎಲ್ಲ ಗೇಮಿಗೂ ಇಳಿಯೋದು ಸಹಜ. ನಮ್ಮ ಕಡೆ ಹೇಳೋ ಹಾಗೆ, ಛತ್ರ ಯಾವುದಾದ್ರೇನು, ಬೀಗರು ಯಾರಾದ್ರೇನು, ಅಡುಗೆ ಭಟ್ರು ಅವರೇ ಆದ್ರೆ ಹುಳಿ ಅದೇ. ಭಟ್ರ ಕೈಗುಣ ಕೆಟ್ಟದ್ದು ಅಂತಲ್ಲ, ದಿನಾ ಅದೇ ಅಂತ.

2016ರಲ್ಲಿ ಒಂದು ಬ್ರೇಕ್ ತಗೊಂಡ್ರು, ಆ ವರ್ಷ ದೊಡ್ಡ ಅಸ್ಸಾಸಿನ್ಸ್ ಕ್ರೀಡ್ ಇಲ್ಲ. ವಾಚ್ ಡಾಗ್ಸ್ 2ರಲ್ಲಿ ಟವರ್ ತೆಗೆದ್ರು. ಅದೇ ಟೈಮಲ್ಲಿ ವಿವೆಂಡಿ ಅನ್ನೋ ಇನ್ನೊಂದು ಫ್ರೆಂಚ್ ಕಂಪನಿ ಷೇರು ಕೊಂಡ್ಕೊಂಡು ಕೊಂಡ್ಕೊಂಡು ಕಂಪನಿಯನ್ನೇ ನುಂಗೋಕೆ ನೋಡ್ತಿತ್ತು, 2018ರಲ್ಲಿ ಅದು ಬಿಟ್ಟು ಹೋಗೋವರೆಗೂ ಷೇರು ಬೆಲೆ ಮೇಲೇ ಇಡಬೇಕಾದ ಒತ್ತಡ. 2017ರಲ್ಲಿ ಈಜಿಪ್ಟಿನ ಕಥೆ ಒರಿಜಿನ್ಸ್ ಬಂತು, ಚೆನ್ನಾಗೇ ಇತ್ತು. 2018ರ ಫಾರ್ ಕ್ರೈ 5ರಲ್ಲಿ ಶುರುವಲ್ಲೇ ಒಬ್ಬ ನಿಮ್ಮನ್ನ ಒಂದೇ ಒಂದು ಟವರ್ ಹತ್ತಿಸಿ, ಊರಲ್ಲಿರೋ ಟವರೆಲ್ಲ ಹತ್ತಿಸ್ತೀನಿ ಅಂತ ಹೆದರ್ಬೇಡ ಅನ್ನೋ ಅರ್ಥದಲ್ಲಿ ತಮಾಷೆ ಮಾಡ್ತಾನೆ. ನಕ್ಕೆ. ಆದ್ರೆ ಟವರ್ ಹೋದ ಜಾಗಕ್ಕೆ ಇನ್ನೊಂದು ಬಂದಿತ್ತು: ಒಂದರಲ್ಲಿ ಹದ್ದು ಹಾರಿಸಿ ಶತ್ರುಗಳನ್ನ ಗುರುತು ಹಾಕೋದು, ಇನ್ನೊಂದರಲ್ಲಿ ಗೂಬೆ, ಮತ್ತೊಂದರಲ್ಲಿ ಡ್ರೋನ್. ಜೊತೆಗೆ ಲೆವೆಲ್ಲು, 'ಲೂಟ್' ಅಂತ ಆಡ್ತಾ ಆಡ್ತಾ ಸಿಗೋ ಬಣ್ಣ ಬಣ್ಣದ ಸಾಮಾನು, ವರ್ಷಗಟ್ಟಲೆ ಆಡಿಸೋ ಲೈವ್ ಗೇಮ್ ಐಡಿಯಾ.

ಇದೆಲ್ಲ ಒಂದೇ ತಟ್ಟೆಗೆ ಬಿದ್ದಿದ್ದು 2019ರ ಅಕ್ಟೋಬರ್ ಶುರುವಲ್ಲಿ ಬಂದ ಘೋಸ್ಟ್ ರೀಕಾನ್ ಬ್ರೇಕ್‌ಪಾಯಿಂಟ್‌ನಲ್ಲಿ. ಘೋಸ್ಟ್ ರೀಕಾನ್ ಅಂದ್ರೆ ಮೊದಲಿಂದ ಸೈನಿಕರ ಗೇಮು, ಒಂದು ಗುಂಡಿಗೆ ಒಂದು ಸಾವು, ಉಸಿರು ಬಿಗಿಹಿಡಿದು ಆಡೋದು. ಇದರಲ್ಲಿ ಕೈಗವಸಿಗೊಂದು ನಂಬರು, ಟೋಪಿಗೊಂದು ನಂಬರು, ಬೂಟಿಗೊಂದು ನಂಬರು, ಎಲ್ಲ ಕೂಡಿಸಿ 'ಗೇರ್ ಸ್ಕೋರ್'. ನನಗೆ ಇಷ್ಟವಾದ ಒಂದು ರೈಫಲ್ ಇತ್ತು, ಅರ್ಧ ಗಂಟೆಗೊಮ್ಮೆ ಅದನ್ನ ಬಿಸಾಕಿ ನಂಬರ್ ಜಾಸ್ತಿ ಇರೋ ಯಾವುದೋ ಸಣ್ಣ ಗನ್ ಹಿಡೀಬೇಕಿತ್ತು. ಅಷ್ಟು ಮಾಡಿದ್ರೂ ಮನುಷ್ಯ ಶತ್ರುಗಳ ತಲೆಗೆ ಹೊಡೆದ್ರೆ ನಂಬರ್ ಎಷ್ಟಿದ್ರೂ ಸಾಯ್ತಿದ್ರು, ಮತ್ತೆ ನಂಬರ್ ಯಾತಕ್ಕೆ? ಇವರದ್ದೇ ಡಿವಿಷನ್ ಅನ್ನೋ ಇನ್ನೊಂದು ಗೇಮಿನಲ್ಲಿ ಇತ್ತು, ಇಲ್ಲೂ ಇರಲಿ, ಅಷ್ಟೇ ಅನ್ಸುತ್ತೆ. 2020ರ ಮಾರ್ಚಲ್ಲಿ ಗೇರ್ ಸ್ಕೋರನ್ನೇ ಆಫ್ ಮಾಡೋ ಆಪ್ಷನ್ ಕೊಟ್ರು, ಆಗ ಗೇಮ್ ಆಡೋ ಹಾಗಾಯ್ತು.

2019ರ ಅಕ್ಟೋಬರ್ 24ಕ್ಕೇ ಕಂಪನಿ ಆ ವರ್ಷದ ಮಾರಾಟದ ಅಂದಾಜನ್ನ ಸುಮಾರು 218 ಕೋಟಿ ಯೂರೋದಿಂದ 145 ಕೋಟಿಗೆ ಇಳಿಸ್ತು, ಬರಬೇಕಿದ್ದ ಮೂರು ದೊಡ್ಡ ಗೇಮ್‌ಗಳನ್ನ ಮುಂದಕ್ಕೆ ಹಾಕ್ತು. ಸಿಇಒ ಈವ್ ಗಿಯ್ಮೋ ಕೊಟ್ಟ ಕಾರಣಗಳಲ್ಲಿ ಒಂದು, ಬ್ರೇಕ್‌ಪಾಯಿಂಟ್‌ಗೆ ಬೇರೆ ಗೇಮ್‌ಗಳಿಂದ ಎದ್ದು ಕಾಣೋಷ್ಟು ವ್ಯತ್ಯಾಸ ಇರ್ಲಿಲ್ಲ ಅನ್ನೋದು. ಆಡೋರು ಐದು ವರ್ಷದಿಂದ ಹೇಳ್ತಿದ್ದ ಮಾತು, ಷೇರುದಾರರಿಗೆ ಬರೆಯೋ ಭಾಷೆಯಲ್ಲಿ ಮೊದಲ ಸಲ ಬಂತು.

ಅದರ ಬೆನ್ನಿಗೇ 2020ರ ಜನವರಿ. ಎಡಿಟೋರಿಯಲ್ ತಂಡವನ್ನ ಒಡೆದು ಕಟ್ತೀವಿ, ಒಬ್ಬರಿಬ್ಬರ ಮಾತೇ ನಡೆಯೋ ಬದಲು ಏಳು ಜನ ವೈಸ್ ಪ್ರೆಸಿಡೆಂಟ್‌ಗಳಿಗೆ ಒಂದೊಂದು ಸೀರೀಸ್ ಹಂಚಿ ಅವರವರ ನಿರ್ಧಾರ ಅವರಿಗೇ ಬಿಡ್ತೀವಿ, ಹಾಗಾದ್ರೆ ಗೇಮ್‌ಗಳು ಬೇರೆ ಬೇರೆ ಆಗ್ತವೆ, ಇದು ಲೆಕ್ಕ. ಒಳ್ಳೇ ಲೆಕ್ಕವೇ. ಆದ್ರೆ ದೊಡ್ಡ ಗೇಮ್ ಆಗೋಕೆ ನಾಲ್ಕೈದು ವರ್ಷ ಬೇಕು, ಆಗಲೇ ಒಲೆ ಮೇಲಿದ್ದ ಪಾತ್ರೆ ಇಳಿಸೋಕಾಗಲ್ಲ. ಎರಡು ತಿಂಗಳಲ್ಲಿ ಕೋವಿಡ್ ಬಂದು ಎಲ್ಲರೂ ಮನೆ ಸೇರಿದ್ರು. ಜುಲೈ ಹೊತ್ತಿಗೆ ಕಂಪನಿಯೊಳಗಿನ ಕಿರುಕುಳದ ದೂರುಗಳು ಸಾಲಾಗಿ ಹೊರಗೆ ಬಂದು, ಅದೇ ಎಡಿಟೋರಿಯಲ್ ವಿಭಾಗದ ಮೇಲಿನವರೇ ಕೆಲಸ ಬಿಟ್ಟು ಹೋಗೋ ಸ್ಥಿತಿ ಆಯ್ತು. ರುಚಿ ಬದಲಾಯಿಸೋ ಮಾತು ಅಲ್ಲಿಗೆ ಹಿಂದೆ ಬಿತ್ತು, ಬೀಳಬೇಕಾದ್ದೇ, ಅದಕ್ಕಿಂತ ದೊಡ್ಡ ವಿಷಯ ಎದುರಿಗಿತ್ತು.

ಇನ್ನೊಂದು ವಿಷಯ ಹೇಳಿದ್ರೆ ನಮ್ಮಂಥವರಿಗೇ ಮುಜುಗರ. ಆ ನವೆಂಬರಲ್ಲಿ ಬಂದ ಅಸ್ಸಾಸಿನ್ಸ್ ಕ್ರೀಡ್ ವಲ್ಹಾಲಾ, ನೂರು ಗಂಟೆ ಆಡಿದ್ರೂ ಮುಗಿಯದ ಮ್ಯಾಪು, ಹಳೇ ಅಳತೆಯ ಇನ್ನೂ ದೊಡ್ಡ ಪಾತ್ರೆ, ಅದೇ ಆ ಸೀರೀಸ್‌ನಲ್ಲಿ ಅತಿ ಹೆಚ್ಚು ದುಡ್ಡು ತಂದ ಗೇಮ್ ಆಯ್ತು. ಬೈಕೊಂಡೇ ಕೊಂಡ್ವಿ. 2022ರ ಹೊತ್ತಿಗೆ 20 ಸಾವಿರ ದಾಟಿದ್ದ ಕೆಲಸಗಾರರಿಗೆ ಸಂಬಳ ಕೊಡೋರು ಇದನ್ನ ನೋಡಿ ಯಾವ ಪಾಠ ಕಲೀತಾರೆ?

ಬೇರೆ ಥರ ಮಾಡಿದ್ದೂ ಉಂಟು. 2024ರ ಜನವರಿಯಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ದಿ ಲಾಸ್ಟ್ ಕ್ರೌನ್ ಬಂತು, ರೇಮನ್ ಹುಟ್ಟಿದ ಮಾಂಪೆಲಿಯೇ ಸ್ಟುಡಿಯೋದ್ದೇ. ಪಕ್ಕದಿಂದ ನೋಡೋ ಗೇಮು, ದಾರಿ ನೀವೇ ಹುಡುಕ್ಬೇಕು. ಅದರಲ್ಲಿ ಒಂದು ಪುಟ್ಟ ಸೌಕರ್ಯ ಇದೆ: ದಾಟೋಕಾಗದ ಗೋಡೆ ಸಿಕ್ರೆ ಒಂದು ಬಟನ್ ಒತ್ತಿದ್ರೆ ಸಾಕು, ಆ ಜಾಗದ ಸ್ಕ್ರೀನ್‌ಶಾಟ್ ಮ್ಯಾಪ್ ಮೇಲೆ ಅಂಟ್ಕೊಳುತ್ತೆ, ಆಮೇಲೆ ಹೊಸ ವಿದ್ಯೆ ಕಲಿತಾಗ ವಾಪಸ್ ಬರಬಹುದು. ಕಂಪನಿ ತುಂಬಿಸಿದ ಐಕಾನ್ ಅಲ್ಲ, ನಿಮ್ಮ ಕೈಯಾರೆ ಇಟ್ಟ ಗುರುತು. ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಸೇಲ್ಸ್ ಅಂದ್ಕೊಂಡಷ್ಟು ಆಗ್ಲಿಲ್ಲ, ಅದೇ ವರ್ಷ ಆ ತಂಡವನ್ನ ಬಿಡಿಸಿ ಬೇರೆ ಬೇರೆ ಪ್ರಾಜೆಕ್ಟ್‌ಗೆ ಹಂಚಿದ್ರು. ಅದು ಬಂದ ಮುಂದಿನ ತಿಂಗಳೇ ಸ್ಕಲ್ ಅಂಡ್ ಬೋನ್ಸ್, 2017ರಲ್ಲಿ ತೋರಿಸಿ ಏಳು ವರ್ಷ ಎಳೆದ ಕಡಲ್ಗಳ್ಳರ ಗೇಮು, ಅದಂತೂ ಶುರುವಾಗಿದ್ದೇ ಹಳೇ ಅಸ್ಸಾಸಿನ್ಸ್ ಕ್ರೀಡ್‌ನ ಹಡಗಿನ ಭಾಗವನ್ನ ಬೆಳೆಸೋಣ ಅಂತ. ಜನ ಅದಕ್ಕೂ ಬರ್ಲಿಲ್ಲ. ಬೇರೆ ಥರ ಮಾಡಿದ್ದೂ ಓಡ್ಲಿಲ್ಲ, ಅದೇ ಥರ ಮಾಡಿದ್ದೂ ಓಡ್ಲಿಲ್ಲ.

2025ರಲ್ಲಿ ಚೀನಾದ ಟೆನ್ಸೆಂಟ್ 116 ಕೋಟಿ ಯೂರೋ ಹಾಕಿ ಹೊಸದೊಂದು ಉಪಕಂಪನಿಯಲ್ಲಿ ಕಾಲು ಭಾಗ ತಗೊಳ್ತು. ಅಸ್ಸಾಸಿನ್ಸ್ ಕ್ರೀಡ್, ಫಾರ್ ಕ್ರೈ, ರೇನ್‌ಬೋ ಸಿಕ್ಸ್ ಮೂರೂ ಅದರೊಳಗೆ, ವಾಂಟೇಜ್ ಸ್ಟುಡಿಯೋಸ್ ಅಂತ ಹೆಸರು. ಈಗಿನ ಐದು ಹೌಸ್‌ಗಳಲ್ಲಿ ಇದೇ ದೊಡ್ಮನೆ. ಅಂದ್ರೆ ಒಂದೇ ಥರ ಇವೆ ಅಂತ ಯಾವ ಗೇಮ್‌ಗಳನ್ನ ಬೈತಿದ್ವೋ ಅದರಲ್ಲಿ ಮುಖ್ಯವಾದ ಎರಡು ಒಂದೇ ಸೂರಿನ ಕೆಳಗೆ ಸೇರಿವೆ.

ಶುರುವಲ್ಲಿ ಹೇಳಿದ ಕ್ಯಾನ್ಸಲ್ ಆದ ಆರು ಗೇಮ್‌ಗಳಲ್ಲಿ ಸ್ಯಾಂಡ್ಸ್ ಆಫ್ ಟೈಮ್‌ನ ರೀಮೇಕೂ ಒಂದು. 2020ರಲ್ಲಿ ಅದನ್ನ ತೋರಿಸಿದಾಗ ಮಾಡ್ತಿದ್ದವರು ಪುಣೆ, ಮುಂಬೈನ ಯೂಬಿಸಾಫ್ಟ್ ಹುಡುಗರು, ಇಂಡಿಯಾದವರ ಕೈಗೆ ಅಷ್ಟು ದೊಡ್ಡ ಹೆಸರು ಪೂರ್ತಿಯಾಗಿ ಸಿಕ್ಕಿದ್ದೇ ಅಪರೂಪ. ಗ್ರಾಫಿಕ್ಸ್ ಹಳೇದಾಗಿ ಕಾಣುತ್ತೆ ಅಂತ ಜನ ಆಡ್ಕೊಂಡ್ರು, 2021ರ ಜನವರಿ ಅಂದಿದ್ದು ಮುಂದಕ್ಕೆ ಹೋಯ್ತು, 2022ರಲ್ಲಿ ಕೆಲಸವನ್ನ ಮಾಂಟ್ರಿಯಲ್‌ಗೆ ವಾಪಸ್ ತಗೊಂಡ್ರು, ಈಗ ಅಲ್ಲೂ ನಿಂತೋಯ್ತು. ಫ್ರೆಂಡ್‌ಗೆ ಇದನ್ನೆಲ್ಲ ಹೇಳಿದ್ಮೇಲೆ ಅವನು ಹಳೇ 2003ರ ಸ್ಯಾಂಡ್ಸ್ ಆಫ್ ಟೈಮನ್ನೇ ಡೌನ್‌ಲೋಡ್‌ಗೆ ಹಾಕ್ದ, ಈ ಸಲ ದುಡ್ಡು ಕೊಟ್ಟು.